ಕೇಳಿಸಿಯೂ ಕೇಳದ ಮಾತು

ತೆಲುಗು ನೆಲದ ಕುಷಾಯಿಗೂಡದ ಮನೆಯಲ್ಲಿ ಡಾಕ್ಟರ್ ಮಾನಸಾಳ ಬಾಯಿಂದ ಗದಗಿನ ಕನ್ನಡ ಅರಳು ಹುರಿದಂತೆ ಬರುತ್ತಿತ್ತು. ಗೇಟು ದಾಟಿದಳೋ, ಅಪ್ಪಟ ತೆಲುಗಿನ ಹುಡುಗಿ. ಇದರಲ್ಲಿ ಅಂಥ ಪಾಪವೇನೂ ಇಲ್ಲ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದ ಅವಳಪ್ಪ ರಾಮಕೃಷ್ಣರೂ ಹಾಗೇ ಬದುಕಿದವರು. ಆದರೆ ಮಗಳು ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ತನಗೆ ಕನ್ನಡ ಬರುತ್ತದೆಂಬುದನ್ನೇ ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯಗೊಟ್ಟಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹಿಂದಿನ ಆಸ್ಪತ್ರೆಯಲ್ಲಿ ರಾಯಚೂರು ಕಡೆಯ ಮುದುಕಿಯೊಬ್ಬಳನ್ನು "ಯಾವೂರ ಯಮ್ಮಾ ನಿಂದು?" ಎಂದು ಮಾತಾಡಿಸಿದ್ದೇ ತಪ್ಪಾಗಿತ್ತು. ಬೆಡ್ ಕೊಡಿಸಿ, ರಕ್ತ ಕೊಡಿಸಿ ಎಂದು ಆ ಕಡೆಯವರೆಲ್ಲ ಅವಳ ಬೆನ್ನು ಹತ್ತಿದರು. ಜೊತೆಯ ಡಾಕ್ಟರುಗಳು "ನಿನ್ನ ಬಳಗ ಬಂತು ನೋಡು" ಎಂದು ಕಾಡಿಸಿದರು. ಆ ನಗು ಚುಚ್ಚಿತು. ಸಿಮೆಂಟು ಮೆತ್ತಿದ ಕಾಲು, ಬಾಯಿ ತುಂಬ ಎಲೆಯಡಿಕೆಯ ಆ ಬಳಗ ತನ್ನದಲ್ಲ ಎಂದು ತೋರಿಸಿಕೊಳ್ಳಲು ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಈಗ ಅವಳದು ಸಂಶೋಧನೆಯ ಕೆಲಸ. ಐಸಿಯುನಲ್ಲಿ ಮಲಗಿದವರಿಗೆ ಸೋಂಕಿನ ನಂಜು ಮೈಗೇರಿದರೆ, ಅಂದರೆ ಸೆಪ್ಸಿಸ್ ಆದರೆ, ಅದನ್ನು ಆದಷ್ಟು ಬೇಗ ಹಿಡಿಯುವುದು ಹೇಗೆಂದು ಹುಡುಕಬೇಕು. ತಡವಾದರೆ ಕೈಯೋ ಕಾಲೋ ಜೀವವೋ, ಯಾವುದು ಹೋಗುತ್ತದೆಂದು ಹೇಳಲಾಗದು. ದಿನಾ ಬೆಳಗ್ಗೆ ರಕ್ತ ತೆಗೆದು ಹೊಸದೊಂದು ಪರೀಕ್ಷೆಗೆ ಕಳಿಸುವುದು, ಜೊತೆಗೆ ರೋಗಿಯ ಬುದ್ಧಿ ನೆಟ್ಟಗಿದೆಯೇ ಎಂದು ಮಾತಾಡಿಸಿ ನೋಡುವುದು. "ಮಾತು ದಿಕ್ಕು ತಪ್ಪಿದರೆ ರಿಪೋರ್ಟಿಗೆ ಕಾಯಬೇಡಿ, ಔಷಧ ಶುರು ಮಾಡಿ" ಎಂದು ಹಿರಿಯ ಡಾಕ್ಟರ್ ವಿಶ್ವಜಿತ್ ಗಿಳಿಗೆ ಹೇಳಿದಂತೆ ಹೇಳಿದ್ದರು.

ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಗೌಂಡಿ ಹುಸೇನಪ್ಪ ಮೇಲಿನಿಂದ ಬಿದ್ದು, ಹೊಟ್ಟೆಯ ಆಪರೇಶನ್ ಆಗಿ ಐಸಿಯುಗೆ ಬಂದ. ಸುರಪುರದ ಕಡೆಯವನು. ಅವನಿಗೂ ಹೆಂಡತಿ ಗದಿಗೆಮ್ಮನಿಗೂ ಕನ್ನಡ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೇ. "ಕನ್ನಡ ಎವರಿಕೈನಾ ವಸ್ತುಂದಾ?" ಕನ್ನಡ ಯಾರಿಗಾದರೂ ಬರುತ್ತದೆಯೇ ಎಂದು ವಿಶ್ವಜಿತ್ ಅಲ್ಲಿದ್ದವರನ್ನೆಲ್ಲ ಕೇಳಿದರು. ಮಾನಸಾ ಮಾನಿಟರ್ ನೋಡುತ್ತ ನಿಂತಳು.

ಒಂದು ಬೆಳಗ್ಗೆ ಅವಳು ರಕ್ತ ತೆಗೆಯಲು ಬಂದಾಗ ಹುಸೇನಪ್ಪ ಎಡೆಬಿಡದೆ ಮಾತಾಡುತ್ತಿದ್ದ. "ಸೆಂಟ್ರಿಂಗ್ ಬಿಚ್ಚಬ್ಯಾಡ್ರಲೇ, ಸ್ಲ್ಯಾಬ್ ಇನ್ನಾ ಹಸಿ ಐತಿ! ಅವ್ವಾ, ನೀ ಯಾಕ ಮ್ಯಾಲ ಹತ್ತಿ ಬಂದಿ? ಇಳೀಬೇ!" ಅವ್ವಾ ಎಂದದ್ದು ಹೆಂಡತಿಗೆ.

ಸಿಸ್ಟರಿಗೆ ಖುಷಿಯೋ ಖುಷಿ. "ಬಾಗಾ ಮಾಟ್ಲಾಡುತುನ್ನಾಡು ಮೇಡಂ!" ಚೆನ್ನಾಗಿ ಮಾತಾಡುತ್ತಿದ್ದಾನಂತೆ! ಜ್ವರವಿಲ್ಲ, ಬಿಪಿಯೂ ಸರಿಯಿತ್ತು.

ಗದಿಗೆಮ್ಮ ಗಂಡನ ಕೈ ಹಿಡಿದು ಗಟ್ಟಿಯಾಗಿ ಅಂದಳು: "ಯಾಕ ಹಿಂಗ ಏನೇನರ ಮಾತಾಡಾಕತ್ತೀರಿ? ನಾ ನಿಮ್ಮ ಹೇಂತಿ ಅನ್ನೋದೂ ಗೊತ್ತಾಗವಲ್ದು ನಿಮಗ. ನಿನ್ನಿತನಕ ಛಲೋ ಇದ್ರೆಲ್ಲ!"

ಆ ಮಾತಿನ ಅರ್ಥ ಬಲ್ಲವಳು ಅಲ್ಲಿ ಮಾನಸಾ ಒಬ್ಬಳೇ. ಬಾಯಿ ತೆರೆದರೆ ಗುಟ್ಟು ರಟ್ಟು; ಅಂದು ಕೇಳಿದಾಗ ಯಾಕೆ ಸುಮ್ಮನಿದ್ದೆ ಎಂದು ವಿಶ್ವಜಿತ್ ಎಲ್ಲರೆದುರು ಕೇಳುವುದು ಕಣ್ಣಿಗೆ ಕಟ್ಟಿತು. ನೋವಿನ ಔಷಧದ ಮಂಪರಿರಬಹುದು ಎಂದುಕೊಂಡಳು. ಮಧ್ಯಾಹ್ನ ರಿಪೋರ್ಟು ಬರುತ್ತದಲ್ಲ, ಅದೇ ಹೇಳಲಿ. ತಮಗೆ ತಾವೇ ಸುಳ್ಳು ಹೇಳಿಕೊಳ್ಳಲು ಓದಿದವರಿಗೆ ಕಾರಣಗಳ ಬರಗಾಲವೇ? "ಸಬ್ ಠೀಕ್ ಹೈ ಅಮ್ಮಾ" ಎಂದು ಗದಿಗೆಮ್ಮನಿಗೆ ಹೇಳಿ ಹೊರಟೇಹೋದಳು.

ಊಟದ ಹೊತ್ತು ದಾಟಿದ ಮೇಲೆ ರಿಪೋರ್ಟು ಬಂತು. ನಂಜು ಏರಿತ್ತು. ಔಷಧ ಶುರು ಮಾಡುವಷ್ಟರಲ್ಲಿ ಬಿಪಿ ಕುಸಿಯಿತು. ಹುಸೇನಪ್ಪ ಬದುಕಿದ, ಸುಳ್ಳಲ್ಲ. ಆದರೆ ರಕ್ತ ಹರಿಯದೆ ಬಲಗೈ ಬೆರಳುಗಳು ಕಪ್ಪಿಟ್ಟವು. ಹೆಬ್ಬೆರಳೊಂದನ್ನು ಬಿಟ್ಟು ಉಳಿದವನ್ನು ತೆಗೆಯಬೇಕಾಯಿತು. ಗಾರೆಯ ಕರಣೆ ಹಿಡಿಯುವ ಕೈ ಅದು.

"ಬಿಪಿ ಬೀಳುವ ಮೊದಲೇ ನಮ್ಮ ಪರೀಕ್ಷೆ ಹಿಡಿದುಬಿಟ್ಟಿತು" ಎಂದು ವಿಶ್ವಜಿತ್ ಸಭೆಯಲ್ಲಿ ಮಾನಸಾಳನ್ನು ಹೊಗಳಿದರು. ಚಪ್ಪಾಳೆಯೂ ಬಿತ್ತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದಳು ಅಜ್ಜಿ. ತನ್ನ ಮಾನ ಅಡಿಕೆಗೂ ಹೋದದ್ದಲ್ಲ, ಯಾರೋ ನಕ್ಕಾರೆಂಬ ಅಂಜಿಕೆಗೆ ಹೋಯಿತು. ಆದರೂ ಅವಳು ಸಭೆಯಲ್ಲಿ ಬಾಯಿ ಬಿಡಲಿಲ್ಲ.

ಹುಸೇನಪ್ಪನನ್ನು ಮನೆಗೆ ಕಳಿಸುವ ದಿನ ಗಾಯದ ಪಟ್ಟಿ ಬದಲಿಸುವ ಬಗೆಯನ್ನು ಅವಳು ಹಿಂದಿಯಲ್ಲಿ ಹೇಳತೊಡಗಿದಳು.

"ಕನ್ನಡದಾಗ ಹೇಳ್ರಿ ಮೇಡಂ" ಎಂದಳು ಗದಿಗೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಝುಣಕಾ ಮಾಡಿಡು ಅಂತ ನೀವು ಲಿಫ್ಟಿನ ಬಾಜೂಕ ನಿಂತು ನಿಮ್ಮವ್ವಗ ಫೋನ್ ಮಾಡಿದ್ದು ಬಂದ ದಿನಾನ ಕೇಳೀನಿ. ನಮ್ಮಂಥೋರ ಜೋಡಿ ಮಾತಾಡಾಕ ನಾಚಿಕಿ ಇದ್ದೀತು, ದೊಡ್ಡೋರು ಅಂತ ಸುಮ್ನಿದ್ದೆ."

ಮಾನಸಾ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ಆವತ್ತ ನಾ ಇವ್ರಿಗೆ ಹೇಳಿದ್ದಲ್ರಿ. ಇವ್ರಿಗೇನ್ ತಿಳೀತಿತ್ತು? ನಿಮಗ ಕೇಳ್ಲಿ ಅಂತನ ಗಟ್ಟಿ ಮಾತಾಡಿದ್ದೆ. ನಿಮಗ ಕೇಳಿಸಲಿಲ್ಲೇನ್ರಿ?"

ಪಕ್ಕದ ಮಂಚದ ಬಳಿ ವಿಶ್ವಜಿತ್ ಇದ್ದರು. ಕೇಳಿಸಲಿಲ್ಲ ಎಂದುಬಿಟ್ಟರೆ ಈ ಹೆಂಗಸು ನಂಬುತ್ತಾಳೆ. ನಂಬಬೇಕೆಂದೇ ಕಾದು ನಿಂತಿದ್ದಾಳೆ.

"ಕೇಳಿಸಿತ್ರಿ" ಎಂದಳು ಮಾನಸಾ. "ಎಲ್ಲಾ ಕೇಳಿಸಿತ್ತು. ಎಲ್ಲಾ ತಿಳಿದಿತ್ತು."

ಅವಳ ಬಾಯಲ್ಲಿ ಕನ್ನಡ ಕೇಳಿ ವಿಶ್ವಜಿತ್ ತಿರುಗಿ ನೋಡಿದರು. ಗದಿಗೆಮ್ಮ ಗಂಡನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿ, "ನಡೀರಿ" ಎಂದು ಅವನನ್ನು ಎಬ್ಬಿಸಿಕೊಂಡು ಹೋದಳು.