ರಜಾದಿನದ ಶುಭಾಶಯ

ನಮ್ಮ ಸೊಸೆ ಪ್ರಿಯದರ್ಶಿನಿ ಬುದ್ಧಿವಂತೆ. ಅದನ್ನು ಅವಳೇ ಹೇಳುತ್ತಾಳೆ, ನಾನೂ ಒಪ್ಪುತ್ತೇನೆ. ಆದರೆ ಈ ಸಲದ ಕ್ರಿಸ್ಮಸ್ಸಿಗೆ ಅವಳು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಳು.

ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ, ಪಂಪಿನ ಬಿಡಿಭಾಗ ಮಾಡುತ್ತೇವೆ. ಪ್ಯಾಕಿಂಗ್ ನೋಡಿಕೊಳ್ಳುವ ಪ್ರೇಮಮ್ಮ ಒಬ್ಬರೇ ಅಲ್ಲಿ ಕ್ರಿಶ್ಚಿಯನ್ನರು. ಪ್ರತಿ ಡಿಸೆಂಬರಿನಲ್ಲೂ ನಮ್ಮ ಯಜಮಾನರು ಕೊಟ್ರಬಸಪ್ಪನವರು ವಾಟ್ಸಾಪ್ ಗ್ರೂಪಿನಲ್ಲಿ "ಪ್ರೇಮಮ್ಮನವರಿಗೆ ಕ್ರಿಸ್ಮಸ್ ಹಬ್ಬದ ಶುಭಾಶಯ" ಎಂದು ಹಾಕುವುದು, ಪ್ರೇಮಮ್ಮ ಎಲ್ಲರನ್ನೂ ಭದ್ರಾವತಿ ನ್ಯೂ ಟೌನಿನ ತಮ್ಮ ಮನೆಗೆ ಊಟಕ್ಕೆ ಕರೆಯುವುದು ವಾಡಿಕೆ. ರಜೆ ಮಾತ್ರ ಅವರೊಬ್ಬರಿಗೇ.

ಈ ಸಲ ಗ್ರೂಪು ಸೊಸೆಯ ಕೈಗೆ ಬಂತು.

"ಒಬ್ಬರ ಹಬ್ಬದ ಹೆಸರು ಹಾಕಿದ್ರೆ ಉಳಿದವರಿಗೆ ಬೇಜಾರಾಗುತ್ತೆ ಮಾವ. ಎಲ್ಲರಿಗೂ ಸೇರೋ ಹಾಗೆ ಹ್ಯಾಪಿ ಹಾಲಿಡೇಸ್ ಅನ್ಬೇಕು."

"ಹಬ್ಬಕ್ಕೆ ಹೆಸರಿಲ್ವೇನಮ್ಮ? ನಾಳೆ ಬಸವ ಜಯಂತಿಗೂ ಹಿಂಗೇ ಅಂತೀಯಾ?" ಎಂದು ಇವರು ಗೊಣಗಿದರು.

ಅವಳು ಕೇಳಲಿಲ್ಲ. ಅದನ್ನೇ ಕನ್ನಡಕ್ಕೆ ಇಳಿಸಿ, ಹಬ್ಬದ ಹಿಂದಿನ ಸಂಜೆ "ಎಲ್ಲರಿಗೂ ರಜಾದಿನದ ಶುಭಾಶಯಗಳು" ಎಂದು ಹಾಕಿದಳು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಉತ್ತರ ಹಾಕುವ ಪ್ರೇಮಮ್ಮನಿಂದ ಏನೂ ಬರಲಿಲ್ಲ. ನನಗೆ ಸಂಕಟವಾಯಿತು.

ಬೆಳಿಗ್ಗೆ ವರ್ಕ್‌ಶಾಪಿಗೆ ಹೋದರೆ ನರಪಿಳ್ಳೆಯಿಲ್ಲ. ಶಿವಮೊಗ್ಗದ ಅಂಗಡಿಗೆ ಅಂದೇ ಮಾಲು ಹೋಗಬೇಕಿತ್ತು. ಯಜಮಾನರು ಕೆಂಡವಾಗಿ ಲೇತ್ ಕೆಲಸದ ಶಿವಯೋಗಿಗೆ ಫೋನ್ ಮಾಡಿದರು.

"ಎಲ್ಲಿದ್ದೀಯ ಮಾರಾಯ?"

"ನೀವೇ ರಜೆ ಕೊಟ್ಟು ಶುಭಾಶಯನೂ ಹೇಳಿದ್ರಲ್ಲ ಸಾರ್! ಎಲ್ರೂ ಪ್ರೇಮಮ್ಮೋರ ಮನೇಲಿದ್ದೀವಿ."

ಬೈದು ಕರೆತರಲೆಂದು ಇವರು ಕಾರು ಹತ್ತಿದರು. ನಾನೂ ಸೊಸೆಯೂ ಹಿಂದೆ ಕೂತೆವು. ನ್ಯೂ ಟೌನಿನ ಆ ಪುಟ್ಟ ಮನೆಯ ಅಂಗಳದಲ್ಲಿ ನಮ್ಮ ಕೆಲಸದವರೆಲ್ಲ ಸೇರಿದ್ದರು. ಶಿವಯೋಗಿ ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚುತ್ತಿದ್ದ. ಹೊಸ ಸೀರೆ ಉಟ್ಟ ಪ್ರೇಮಮ್ಮ ಸೌಟು ಹಿಡಿದೇ ಓಡಿಬಂದರು.

"ನಾನು ಹಬ್ಬದ ಹೆಸರು ಬಿಡಬಾರದಿತ್ತು ಪ್ರೇಮಮ್ಮ," ಎಂದಳು ಸೊಸೆ. ಪಾಪ, ಮುಖ ಸಣ್ಣದಾಗಿತ್ತು.

"ಬೇಜಾರಾಗಿದ್ದು ನಿಜ ಅಮ್ಮ. ಆದ್ರೆ ಇಷ್ಟು ವರ್ಷ ಹೆಸರು ಹಾಕಿದ್ರಿ, ಇವ್ರಿಗೆ ರಜೆ ಕೊಡ್ಲಿಲ್ಲ. ಕರೆದ್ರೂ ಒಬ್ರೂ ಬರ್ಲಿಲ್ಲ. ಈ ಸಲ ಹೆಸರು ಬಿಟ್ರಿ, ಮನೆ ತುಂಬಾ ಜನ ಬಂದ್ರು." ಆಮೇಲೆ ಯಜಮಾನರತ್ತ ತಿರುಗಿದರು. "ನೀವು ಮೊಟ್ಟೆ ಮುಟ್ಟಲ್ಲ ಅಂತ ಬೇರೆ ಪಾತ್ರೇಲಿ ಶಾವಿಗೆ ಪಾಯಸ ಮಾಡಿದೀನಿ ಸಾರ್. ಪ್ರತಿ ವರ್ಷನೂ ಮಾಡಿಟ್ಟಿರ್ತೀನಿ."

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

"ಮಾಲು?" ಎಂದು ಕೆಣಕಿದೆ.

"ನಾಳೆ ಹೋಗುತ್ತೆ ಬಿಡೆ," ಎಂದು ಅವರು ಫೋನ್ ತೆಗೆದು ನಿಧಾನವಾಗಿ ಒತ್ತತೊಡಗಿದರು. ಅಂಗಳದಲ್ಲಿದ್ದವರ ಜೇಬುಗಳೆಲ್ಲ ಒಟ್ಟಿಗೆ ಟಿಣ್ ಎಂದವು: "ಪ್ರೇಮಮ್ಮನವರಿಗೆ ಕ್ರಿಸ್ಮಸ್ ಹಬ್ಬದ ಶುಭಾಶಯ. ಪ್ರತಿ ವರ್ಷ ಈ ದಿನ ಎಲ್ಲರಿಗೂ ರಜೆ."

ಶಿವಯೋಗಿ ಅದನ್ನು ಜೋರಾಗಿ ಓದಿದ. ಒಲೆಯ ಮುಂದಿನಿಂದ ಪ್ರೇಮಮ್ಮ ಕೂಗಿದರು:

"ಕೈಯೆಲ್ಲ ಎಣ್ಣೆ ಸಾರ್! ಉತ್ತರ ಊಟ ಆದ್ಮೇಲೆ ಹಾಕ್ತೀನಿ!"