ಒಂದು ಕಣ್ಣಿನ ಹಳದಿ

ಬಿಳಿ ಮಗ್‌ಗಳು ಬಿಳಿಯಾಗಿಲ್ಲ ಎಂದು ಇವರು ತಕರಾರು ತೆಗೆದಾಗ ಮೊದಮೊದಲು ನಾನೂ ನಂಬಿದ್ದೆ. ಕಂಪನಿಯವರು ಮೇಲಿನ ಲೇಪ ಕೆಡಿಸಿದ್ದಾರೆ, ಹಳದಿ ಹೊಡೆಯುತ್ತಿದೆ ಎಂದು ಡಬ್ಬಗಟ್ಟಲೆ ವಾಪಸು ಕಳಿಸಿದರು. ಆಮೇಲೆ ಇಂಕಿನವನ ಮೇಲೆ ಹರಿಹಾಯ್ದರು. ಅವನು ನೀಲಿಗೆ ನೀರು ಬೆರೆಸುತ್ತಾನಂತೆ. ತಪ್ಪು ಏನಿದ್ದರೂ ಜಗತ್ತಿನದು, ತಮ್ಮದಲ್ಲ ಎಂಬ ವಿಷಯದಲ್ಲಿ ನಮ್ಮ ಯಜಮಾನರಿಗೆ ಯಾವತ್ತೂ ಅನುಮಾನ ಬಂದದ್ದಿಲ್ಲ.

ನಮ್ಮದು ಮಗ್ ಮೇಲೆ ಚಿತ್ರ ಅಚ್ಚು ಹಾಕಿಕೊಡುವ ಅಂಗಡಿ. ಒಂದೇ ಕೋಣೆ, ರಸ್ತೆಗೆ ಗಾಜಿನ ಬಾಗಿಲು. ಕಂಪ್ಯೂಟರಿನ ಮುಂದೆ ಕೂತು ಬಣ್ಣ ತಿದ್ದುವುದು ಇವರ ಕೆಲಸ. ಅಚ್ಚಾದ ಕಾಗದವನ್ನು ಮಗ್‌ಗೆ ಸುತ್ತಿ, ಟೇಪು ಹಚ್ಚಿ, ಕಾದ ಪ್ರೆಸ್ಸಿನೊಳಗೆ ಇಡುವುದು ನನ್ನದು. ಕಾಗದದ ಮೇಲೆ ಚಿತ್ರ ಎಡಬಲ ತಿರುಗಿ, ಮಂಕಾಗಿ, ನಿದ್ದೆ ಹೋದವರಂತೆ ಬಿದ್ದಿರುತ್ತದೆ. ಶಾಖ ತಾಗಿದಾಗ ಬಣ್ಣ ಆವಿಯಾಗಿ ಮಗ್‌ನ ಮೈಯೊಳಗೆ ಇಳಿಯುತ್ತದೆ. ಕಾಗದ ಸುಲಿದರೆ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಣ್ಣು ಬಿಟ್ಟಿರುತ್ತವೆ. ಎಷ್ಟು ವರ್ಷ ಮಾಡಿದರೂ ಆ ಗಳಿಗೆಯಲ್ಲಿ ನಾನು ಉಸಿರು ಬಿಗಿಹಿಡಿಯುತ್ತೇನೆ. ಯಾರದೋ ಮಗು, ಯಾರದೋ ನಾಯಿ ನನ್ನ ಕೈಯಲ್ಲೇ ಎದ್ದು ಕೂತಂತೆ ಅನಿಸುತ್ತದೆ.

ಹೀಗಿರುವಾಗ ಒಂದು ಮದುವೆಯ ಮಗ್‌ಗಳು ವಾಪಸು ಬಂದವು. ಮದುಮಗಳ ಅಕ್ಕ ಒಂದನ್ನು ನನ್ನ ಮುಂದಿಟ್ಟು, ತಂಗಿ ಚಳಿಯಲ್ಲಿ ನಡುಗುತ್ತಿರುವ ಹಾಗಿದ್ದಾಳೆ ಎಂದಳು. ಮಾತು ನಿಜವೇ, ಗಂಡುಹೆಣ್ಣು ಇಬ್ಬರ ಮುಖವೂ ನೀಲಿಗಟ್ಟಿತ್ತು. ಇವರು ಮಾತ್ರ ಮಗ್ಗನ್ನು ತಿರುಗಿಸಿ ತಿರುಗಿಸಿ ನೋಡಿ, ಹದವಾಗಿಯೇ ಇದೆಯಲ್ಲ ಎಂದರು. ನಮ್ಮ ಪ್ರಿಂಟರು, ಇಂಕು, ಕಾಗದ ಸೇರಿದಾಗ ಬಣ್ಣ ಎಷ್ಟು ಜಾರುತ್ತದೆ ಎಂದು ಲೆಕ್ಕ ಹಾಕಿ ಸರಿಪಡಿಸುವ ಪ್ರೊಫೈಲೊಂದನ್ನು ನಮ್ಮ ಮಗಳು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಳು. ಅದರ ಮೇಲೆ ಅಪ್ಪ ಹಳದಿ ಕಳೆಯಲೆಂದು ಧಾರಾಳವಾಗಿ ನೀಲಿ ಸುರಿದಿರುವುದನ್ನು ಅವಳು ಬಂದು ಪತ್ತೆ ಹಚ್ಚಿದಳು. ಕಂಪ್ಯೂಟರಿಗೇನು ಗೊತ್ತು, ನನ್ನ ಕಣ್ಣೇ ಪ್ರೊಫೈಲು ಎಂದರು ಇವರು. ಹಾಗಾದರೆ ಆ ಪ್ರೊಫೈಲನ್ನೇ ತೋರಿಸಿಕೊಂಡು ಬರೋಣ ಎಂದು ಮಗಳು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಹಳದಿಯಾಗುತ್ತಾ ಹೋದ ಹಾಗೆ ಎಲ್ಲವೂ ಹಳದಿ ಗಾಜಿನ ಆಚೆ ಇರುವಂತೆ ಕಾಣುತ್ತದೆ, ನಿಧಾನವಾಗಿ ಬರುವುದರಿಂದ ಅವರಿಗೇ ಗೊತ್ತಾಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಮಗಳು ನಕ್ಕಳು. ಇವರೂ ಪೆಚ್ಚಾಗಿ ನಕ್ಕರು. ನನಗೆ ನಗು ಬರಲಿಲ್ಲ. "ಯಾವಾಗ ನೋಡಿದ್ರೂ ಸಂಜೆ ಬಿಸಿಲಲ್ಲಿ ನಿಂತ ಹಾಗಿರ್ತೀಯ ಕಣೇ ನೀನು" ಎಂದು ಇವರು ನನಗೆ ಹೇಳತೊಡಗಿ ಕೆಲವು ವರ್ಷವಾಗಿತ್ತು. ಸಾಕು ಸುಮ್ಮನಿರಿ ಎಂದು ಗದರಿದರೂ ಒಳಗೊಳಗೇ ಹಿಗ್ಗುತ್ತಿದ್ದೆ. ಈ ವಯಸ್ಸಿನಲ್ಲೂ ಒಬ್ಬರ ಕಣ್ಣಿಗೆ ಹಾಗೆ ಕಾಣುತ್ತೇನಲ್ಲ ಅಂತ. ಈಗ ನೋಡಿದರೆ ಅದೆಲ್ಲ ಪೊರೆಯ ಕೃಪೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ಮೇಲೆ ಇವರು ಕನಸಿನಲ್ಲಿ ನಡೆಯುವವರ ಹಾಗೆ ಮನೆತುಂಬ ಓಡಾಡಿದರು. ಒಂದು ಕಣ್ಣು ಮುಚ್ಚಿ ಗೋಡೆ ನೋಡುವರು, ಇನ್ನೊಂದು ಮುಚ್ಚಿ ಅದೇ ಗೋಡೆ ನೋಡುವರು. ಹೊಸ ಕಣ್ಣಿಗೆ ಹಾಲಿನ ಗೋಡೆ, ಹಳೆಯದಕ್ಕೆ ಜೇನಿನ ಗೋಡೆ. ಪಾತ್ರೆ ತೊಳೆಯುವ ನೊರೆಯಲ್ಲಿ ನೇರಳೆ ಇದೆ ಎಂದು ನನ್ನನ್ನು ಕರೆದು ತೋರಿಸಿದರು. ಕಿಟಕಿಯ ಪರದೆ ಗಾಳಿಗೆ ಉಬ್ಬಿದಾಗ ಮಡಿಕೆಗಳೊಳಗೆ ನೀಲಿ ಹರಿದಾಡುವುದನ್ನು ನೋಡುತ್ತಾ ಕೂತು ಟೀ ಆರಿಸಿಬಿಟ್ಟರು. ಅಂಗಡಿಯಲ್ಲಿ ತಾವೇ ಮಾಡಿಟ್ಟ ಸ್ಯಾಂಪಲ್‌ಗಳ ಮುಂದೆ ನಿಂತು, ಪಾಪ, ಎಲ್ಲರಿಗೂ ಚಳಿ ಹಿಡಿಸಿದ್ದೇನೆ ಎಂದರು. ಮದುವೆಯ ಮಗ್‌ಗಳನ್ನು ಮಗಳ ಪ್ರೊಫೈಲಿನಲ್ಲೇ ಮತ್ತೆ ಅಚ್ಚು ಹಾಕಿದೆವು. ಮದುಮಗಳ ಕೆನ್ನೆಗೆ ಕಳೆ ಬಂತು.

ಆದರೆ ನನ್ನ ಕಡೆ ತಿರುಗುವಾಗ ಮಾತ್ರ ಇವರು ಹೊಸ ಕಣ್ಣನ್ನು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಉರಿಯುತ್ತಿರಬೇಕು ಎಂದುಕೊಂಡೆ. ಊಟಕ್ಕೆ ಕೂತಾಗ, ಅಂಗಡಿಯಲ್ಲಿ ಎದುರುಬದುರು ಕೂತಾಗ, ಪ್ರತಿ ಸಲವೂ ಬಲಗಣ್ಣಿನ ಮೇಲೆ ಅಂಗೈ. ಎಡಗಣ್ಣಿಗೆ ದಿನ ಗೊತ್ತುಮಾಡಲು ಆಸ್ಪತ್ರೆಯವರು ಫೋನ್ ಮಾಡಿದರೆ, ಇರಲಿ ಬಿಡಿ, ಒಂದು ಸಾಕು ಎಂದುಬಿಟ್ಟರು. ಕನ್ನಡಿಯ ಮುಂದೆ ನಿಂತು ಕಣ್ಣ ಕೆಳಗಿನ ಕಪ್ಪು, ಬಾಯಿ ಪಕ್ಕದ ಗೆರೆ ಎಲ್ಲ ನೋಡಿಕೊಂಡೆ. ಹೊಸ ಕಣ್ಣಿಗೆ ನಾನು ಅಷ್ಟು ಬೇಡವಾದೆನೇ? ಕಾಲು ಕೆರೆದು ಜಗಳಕ್ಕೆ ನಿಲ್ಲುವ ಹೆಂಗಸು ನಾನು, ಆದರೆ ಇದನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂದು ಭಯವಾಗಿತ್ತು.

ಒಂದು ಮಧ್ಯಾಹ್ನ ಅಂಗಡಿಗೆ ತಡವಾಗಿ ಹೋದೆ. ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗೆ ಪ್ರೆಸ್ಸಿನ ಬಿಸಿ, ಕಾದ ಕಾಗದದ ವಾಸನೆ. ಮೇಜಿನ ತುಂಬ ಮಗ್‌ಗಳು, ಎಲ್ಲದರ ಮೇಲೂ ನಾನೇ. ಹೋದ ವಾರ ಕಿಟಕಿಯ ಹತ್ತಿರ ಟೇಪು ಕತ್ತರಿಸುತ್ತಿದ್ದಾಗ ತೆಗೆದ ಫೋಟೊ. ಒಂದರಲ್ಲಿ ಕಾಮಾಲೆ ಬಂದವಳ ಹಾಗಿದ್ದೆ, ಇನ್ನೊಂದರಲ್ಲಿ ಕಿತ್ತಳೆ ಹಣ್ಣು, ಮತ್ತೊಂದು ಶಾಖ ಹೆಚ್ಚಾಗಿ ಕಂದಿಹೋಗಿತ್ತು. ತುದಿಯಲ್ಲಿದ್ದ ಒಂದರಲ್ಲಿ ಮಾತ್ರ ನಿಜವಾಗಿಯೂ ಸಂಜೆಯಾಗಿತ್ತು. ಮುಖ, ಕೂದಲು, ಹಿಂದಿನ ಗೋಡೆ ಎಲ್ಲದರ ಮೇಲೂ ಮೆತ್ತನೆಯ ಬೆಳಕು ಕೂತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ನಿಂತೆ.

ಇದೇನು ಎಂದು ಕೇಳಿದೆ. ಇವರು ಸಿಕ್ಕಿಬಿದ್ದವರಂತೆ ಮೆಲ್ಲಗೆ ಬಾಯಿ ಬಿಟ್ಟರು. ಹಳೆಯ ಕಣ್ಣಿನಿಂದ ನನ್ನನ್ನು ನೋಡುವುದು, ಹೊಸ ಕಣ್ಣಿನಿಂದ ಮಗ್ ನೋಡುವುದು, ಎರಡೂ ಒಂದೇ ಆಗುವ ತನಕ ಬಣ್ಣ ತಿದ್ದುವುದು. ಎಡಗಣ್ಣಿನ ಪೊರೆಯನ್ನೂ ತೆಗೆದುಬಿಟ್ಟರೆ ಆ ಬೆಳಕು ಮತ್ತೆಲ್ಲೂ ಸಿಗುವುದಿಲ್ಲವಲ್ಲ, ಇಟ್ಟುಕೊಳ್ಳೋಣ ಎಂದು ಹೀಗೆ ಮಾಡಿದೆ ಎಂದರು.

"ಹೊಸ ಕಣ್ಣಿಗೆ ನಾನು ಹೇಗೆ ಕಾಣ್ತೀನಿ ರೀ? ಮೊದಲು ಅದನ್ನ ಹೇಳಿ."

ಹೊತ್ತಾಯಿತೆಂದು ಪ್ರೆಸ್ಸು ಕೂಗಿಕೊಂಡಿತು, ಇಬ್ಬರೂ ಅತ್ತ ಹೋಗಲಿಲ್ಲ.

"ನಿನ್ನ ಕೈ ಕಾಣಿಸ್ತಿದೆ" ಎಂದರು ಕೊನೆಗೆ. "ಮೊಣಕೈ ತನಕ ಸುಟ್ಟ ಕಲೆ. ಒಂದರ ಪಕ್ಕ ಒಂದು. ಕೆಲವು ಕಪ್ಪಗಾಗಿವೆ, ಕೆಲವು ಇನ್ನೂ ಕೆಂಪಗೇ ಇವೆ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ಒಂದೂ ಕಂಡಿರ್ಲಿಲ್ಲ ನನಗೆ. ನೋಡೋಕಾಗಲ್ಲ ಕಣೇ."

ನಾನು ಕೈಗಳನ್ನು ಮುಂದೆ ಚಾಚಿ ನೋಡಿಕೊಂಡೆ. ಮಗ್ ಒಳಗಿಡುವಾಗ, ತೆಗೆಯುವಾಗ ಪ್ರೆಸ್ಸಿನ ಅಂಚು ತಾಗುತ್ತದೆ. ತಣ್ಣೀರು ಹಾಕಿ ಮರೆಯುತ್ತೇನೆ. ನಾನು ಕನ್ನಡಿಯಲ್ಲಿ ಮುಖ ಹುಡುಕುತ್ತಿದ್ದ ದಿನಗಳಲ್ಲೆಲ್ಲ ಇವರು ನೋಡಲಾರದೆ ಇದ್ದದ್ದು ಇದನ್ನು. ಅಳು ಬಂತು. ಇಷ್ಟು ದಿನ ಬಾಯಿಬಿಡದೆ ನನ್ನನ್ನು ಸಾಯಿಸಿದರಲ್ಲ ಎಂದು ಸಿಟ್ಟೂ ಬಂತು.

ಇನ್ನೊಂದು ಹಾಕಿ, ನೀವು ಏನೂ ತಿದ್ದಬೇಡಿ ಎಂದೆ. ಬೇಡ ಎಂದರು. ಹಾಕಲೇಬೇಕು ಎಂದೆ. ಬರೀ ಮಗಳ ಪ್ರೊಫೈಲಿನಲ್ಲಿ ಅಚ್ಚಾಗಿ ಬಂದ ಕಾಗದಕ್ಕೆ ನಾನು ಕೈ ಚಾಚಿದರೆ, ಇವರು ಕೊಡಲಿಲ್ಲ. ತಾವೇ ಸುತ್ತಿದರು, ಸೊಟ್ಟಗೆ. ತಾವೇ ಪ್ರೆಸ್ಸಿಗೆ ಇಟ್ಟು, ಕಾದು, ತೆಗೆದು, ಕಾಗದ ಸುಲಿದರು. ನರೆತ ಕೂದಲು, ದಣಿದ ಕಣ್ಣು, ಮಣಿಕಟ್ಟಿನಿಂದ ಮೇಲಕ್ಕೆ ಹತ್ತಿದ ಕಲೆಗಳು, ಒಂದೊಂದೂ ತನ್ನ ತನ್ನ ಬಣ್ಣದಲ್ಲಿ. ಅದು ನಾನೇ ಆಗಿದ್ದೆ.

ಬಣ್ಣ ಸರಿಬಂದಿದೆಯಾ ನೋಡಿ ಎಂದೆ. ಇವರು ಎರಡೂ ಕಣ್ಣು ತೆರೆದು, ನನ್ನ ಕೈಯನ್ನು ಮಗ್‌ನ ಪಕ್ಕ ಹಿಡಿದು, ಒಂದೊಂದೇ ಕಲೆಯನ್ನು ಬೆರಳಿಟ್ಟು ತಾಳೆ ನೋಡಿದರು. ಹೆಬ್ಬೆರಳ ಬುಡದ ಒಂದು ಗುಳ್ಳೆಯ ಹತ್ತಿರ ಬೆರಳು ನಿಂತಿತು. ಅದು ಚಿತ್ರದಲ್ಲಿ ಇರಲಿಲ್ಲ.

"ಇದು?"

"ನಿನ್ನೆ ಆಗಿದ್ದು."

ಇವರು ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಆಸ್ಪತ್ರೆಗೆ ಮಾಡಿ, ಎಡಗಣ್ಣಿಗೆ ಆದಷ್ಟು ಬೇಗ ಒಂದು ದಿನ ಕೊಡಿ ಎಂದರು.