ನಿಂತ ಚುಕ್ಕಿಗಳು

ಮಾವನವರು ಗ್ರಾಮಫೋನ್ ರೆಕಾರ್ಡ್ ಹಾಕುತ್ತಿದ್ದ ಹಳೆಯ ಟರ್ನ್‌ಟೇಬಲ್ ನನ್ನ ಷಡ್ಡಕನ ಪಾಲಾಗಿತ್ತು. ಬೆಲ್ಟ್ ಇಲ್ಲದ, ಮೋಟಾರೇ ತಟ್ಟೆಯನ್ನು ನೇರವಾಗಿ ತಿರುಗಿಸುವ ಯಂತ್ರ. ಒಂದು ಕಾಲದಲ್ಲಿ ರೇಡಿಯೋ ಕೇಂದ್ರದವರು ಕೊಳ್ಳುತ್ತಿದ್ದಂಥದು. ಭೌತಶಾಸ್ತ್ರ ಓದಿದವನು ನಾನು, ಹಿರಿಯ ಅಳಿಯನೂ ನಾನೇ. "ನಿಮಗೆ ಕೊಟ್ರೆ ಬಿಚ್ಚಿ ನೋಡ್ತೀರಿ. ಅವನಾದ್ರೆ ಹಾಡು ಕೇಳ್ತಾನೆ," ಎಂದಿದ್ದರು ಮಾವ. ಎಲ್ಲರೂ ನಕ್ಕಿದ್ದರು. ನಾನೂ ಹಲ್ಲು ಕಿರಿದಿದ್ದೆ.

ಹೆಂಡತಿಯೊಡನೆ ಅವನ ಮನೆಗೆ ಹೋದ ಭಾನುವಾರ ಅದು ಕಿಟಕಿಯ ಪಕ್ಕ ಹಾಡುತ್ತಿತ್ತು. ತಟ್ಟೆಯ ಅಂಚಿನಲ್ಲಿ ಸಾಲು ಸಾಲು ಚುಕ್ಕಿಗಳು, ಪಕ್ಕದಲ್ಲಿ ಪುಟ್ಟ ಕೆಂಪು ದೀಪ. ವೇಗ ಸರಿಯಿದ್ದರೆ ಆ ಬೆಳಕಿನಲ್ಲಿ ಚುಕ್ಕಿಗಳು ನಿಂತಂತೆ ಕಾಣಬೇಕು. ಕುರ್ಚಿಯಲ್ಲಿ ಕೂತೇ ಕಣ್ಣು ಹಾಯಿಸಿದೆ. ಓಡುತ್ತಿದ್ದವು!

"ಏನಯ್ಯಾ, ಚುಕ್ಕಿ ಓಡ್ತಿದೆ? ಸ್ಪೀಡು ಕೆಟ್ಟಿದೆ," ಎಂದೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಅವನ ಮುಖ ಬಾಡಿತು. "ಹೌದಾ ಭಾವ? ಕೇಳೋಕೆ ಚೆನ್ನಾಗೇ ಇತ್ತು."

"ನಿಮಗೆ ಕುಕ್ಕರ್ ಕೂಗಿದ್ರೂ ಚೆನ್ನಾಗೇ ಇರತ್ತೆ," ಎಂದು ಗಂಡನನ್ನು ರೇಗಿಸಿದಳು ನಾದಿನಿ ಅಡುಗೆಮನೆಯಿಂದ.

ಅವನು ನಗಲಿಲ್ಲ. "ನೀವೇ ತಗೊಂಡು ಹೋಗಿ ಭಾವ. ರಿಪೇರಿ ಮಾಡಿ ನೀವೇ ಇಟ್ಕೊಳ್ಳಿ. ನನ್ನ ಕೈಲಿದ್ರೆ ಮಾವನ ವಸ್ತು ಹಾಳಾಗತ್ತೆ." ಸೂಜಿಯನ್ನು ಮೆಲ್ಲಗೆ ಎತ್ತಿಟ್ಟು, ಯಂತ್ರಕ್ಕೆ ಸುತ್ತಲು ಬಟ್ಟೆ ತರಲು ಒಳಗೆ ಹೋದ.

ಪ್ಲಗ್ ತೆಗೆಯಲು ಬಗ್ಗಿದಾಗ, ಇನ್ನೂ ತಿರುಗುತ್ತಿದ್ದ ತಟ್ಟೆ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಓಡುತ್ತಿದ್ದದ್ದು ಮೇಲಿನ ಸಾಲು. ಅದು ಓಡಲೇಬೇಕು, ವೇಗವನ್ನು ಬೇಕೆಂದೇ ಹೆಚ್ಚಿಸಿದಾಗ ನೋಡುವ ಸಾಲು ಅದು. ಸರಿಯಾದ ವೇಗದ್ದು ಕೆಳಗಿನ ದಪ್ಪ ಚುಕ್ಕಿಗಳ ಸಾಲು. ಅದು ಮೊಳೆ ಹೊಡೆದಂತೆ ನಿಂತಿತ್ತು.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಯಂತ್ರ ನನ್ನದು. ಕಾರಿನ ಹಿಂದಿನ ಸೀಟು ಖಾಲಿಯಿತ್ತು. ನನ್ನ ಮೇಜಿನ ಮೇಲೆ ಮನಸ್ಸಿನಲ್ಲೇ ಜಾಗವನ್ನೂ ಮಾಡಿಯಾಗಿತ್ತು.

ಅವನು ಹೊಸ ಉಣ್ಣೆ ಶಾಲು ತಂದ. "ಇದಾದ್ರೆ ಗೀರು ಬೀಳಲ್ಲ ಭಾವ."

"ಇಡಯ್ಯಾ ಅದನ್ನ ಒಳಗೆ," ಎಂದೆ. "ಏನೂ ಕೆಟ್ಟಿಲ್ಲ. ನಾನೇ ತಪ್ಪು ಸಾಲು ನೋಡಿದೆ."

"ಬದುಕಿದೆ ಭಾವ! ನೀವಿಲ್ದಿದ್ರೆ ಯಾರು ಹೇಳ್ತಿದ್ರು?" ಎಂದು ನನ್ನ ಕೈ ಹಿಡಿದು ಕುಲುಕಿದ. ನಾನೇ ಹಚ್ಚಿದ ಬೆಂಕಿಗೆ ನನಗೇ ಕೃತಜ್ಞತೆ! ಸೂಜಿ ಇಳಿಸಿ, ಕಣ್ಣು ಮುಚ್ಚಿ ಕೂತ.

"ನೀವು ಬಗ್ಗಿ ನೋಡಿದ್ದು ಒಳ್ಳೇದಾಯ್ತು," ಎಂದಳು ಹೆಂಡತಿ, ದಾರಿಯಲ್ಲಿ. ನಾನು ಗೇರು ಬದಲಿಸಿದೆ. ನನ್ನನ್ನು ಒಳ್ಳೆಯವನಾಗಿಸಿದ್ದಕ್ಕೂ ಷಡ್ಡಕನ ಮೇಲೇ ಸಿಟ್ಟು ಬರುತ್ತಿತ್ತು.